ಹವಾಮಾನದ ಬಗ್ಗೆ ನಮ್ಮ ಅಭಿಪ್ರಾಯ ಏಕೆ ಬದಲಾಗುತ್ತದೆ?



ಗೊಬ್ಬರ, ರೋಗ, ಬೆಲೆ ಇವುಗಳ ಬಗ್ಗೆ ಈ ಪುಟದಲ್ಲಿ ಆಗಾಗ್ಗೆ ಬರೆಯುತ್ತಲೇ ಇದ್ದೇವೆ. ಈ ಸಂಚಿಕೆಯ ಪಾಠಕ್ಕೆ ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇವೆ. ಹವಾಮಾನ ಬದಲಾಗುತ್ತಿದೆಯೇ ಎಂದು ಕೇಳಿದರೆ ಜನರು ಕೊಡುವ ಉತ್ತರ ಕಾಲಕಾಲಕ್ಕೆ ಏಕೆ ಬದಲಾಗುತ್ತದೆ ಎಂಬುದೇ ಆ ವಿಷಯ. ಇದು ಕಾಲೇಜಿನವರ ಚರ್ಚೆ, ತೋಟದವರಿಗೆ ಇದರಿಂದೇನು ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ನೆರಳಿನ ಮರವನ್ನು ಕಡಿಯಬೇಕೆ ಉಳಿಸಬೇಕೆ, ಬಯಲು ಜಮೀನಿಗೆ ಅಡಿಕೆ ಹಾಕಬೇಕೆ ಬೇಡವೆ, ಕೃಷಿಹೊಂಡಕ್ಕೆ ಸಾಲ ಎತ್ತಬೇಕೆ ಬೇಡವೆ ಎಂಬ ತೀರ್ಮಾನಗಳೆಲ್ಲ ಕೊನೆಗೆ ಈ ಉತ್ತರದ ಮೇಲೆಯೇ ನಿಲ್ಲುತ್ತವೆ ಎಂಬುದನ್ನು ಮನಗಾಣಬೇಕು.

2023ರ ಸೆಪ್ಟೆಂಬರ್ ತಿಂಗಳನ್ನು ನೆನಪಿಗೆ ತಂದುಕೊಳ್ಳಿ. ಆ ವರ್ಷದ ಆಗಸ್ಟ್ ತಿಂಗಳು, 1901ರಿಂದ ಲೆಕ್ಕವಿಟ್ಟಿರುವ ಕಾಲದಲ್ಲೇ ಇಡೀ ದೇಶಕ್ಕೆ ಅತ್ಯಂತ ಒಣ ಆಗಸ್ಟ್ ಆಗಿತ್ತು. ಕನ್ನಂಬಾಡಿ ಕಟ್ಟೆ ತುಂಬಲಿಲ್ಲ. ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಆಗ ಹುಣಸೂರಿನ ಸಂತೆಯಲ್ಲಾಗಲಿ, ಪಿರಿಯಾಪಟ್ಟಣದ ತಂಬಾಕು ಹರಾಜು ಕಟ್ಟೆಯಲ್ಲಾಗಲಿ, ನಮ್ಮ ಸಭೆಯಲ್ಲಾಗಲಿ ಕಾಲ ಕೆಟ್ಟಿತೆಂಬ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. 2024ರ ಜುಲೈ ಕೊನೆಗೆ ಕಟ್ಟೆ ತುಂಬಿತು. 2025ರಲ್ಲಂತೂ ಜೂನ್ ತಿಂಗಳಲ್ಲೇ 124.80 ಅಡಿ ತಲುಪಿತು. ಮಾತೂ ನಿಂತಿತು. ಬರದ ವರ್ಷ ಕೃಷಿಹೊಂಡದ ವಿಚಾರ ಕೇಳಲು ಸಂಘದ ಕಚೇರಿಗೆ ಬರುತ್ತಿದ್ದವರು ಈಗ ಹೊಸ ಅಡಿಕೆ ಸಸಿ, ಹೊಸ ಕೊಳವೆಬಾವಿಗೆ ಸಾಲ ಕೇಳಲು ಬರುತ್ತಿದ್ದಾರೆ. ಜನ ಅದೇ, ಜಮೀನು ಅದೇ; ನಡುವೆ ಕಳೆದದ್ದು ಎರಡೇ ವರ್ಷ.

ಇದು ನಮ್ಮ ಊರಿನವರ ದೋಷವೆಂದು ತಿಳಿಯಬೇಕಾಗಿಲ್ಲ. ಜಗತ್ತಿನಲ್ಲೆಲ್ಲ ಹೀಗೆಯೇ ನಡೆದಿದೆ. ಹೇಗೆ, ಏಕೆ ಎಂಬುದನ್ನು ನೋಡೋಣ.

ವಿಜ್ಞಾನದ ನಡೆ ಮತ್ತು ಜನರ ನಡೆ

ಇಂಗಾಲಾಮ್ಲ ಅನಿಲ ಹೆಚ್ಚಾದರೆ ಭೂಮಿ ಬಿಸಿಯಾಗುತ್ತದೆ ಎಂದು ಸ್ವೀಡನ್ನಿನ ವಿಜ್ಞಾನಿ ಅರೇನಿಯಸ್ ಲೆಕ್ಕ ಹಾಕಿ ತೋರಿಸಿದ್ದು 1896ರಲ್ಲಿ. ಹವಾಯಿ ದ್ವೀಪದ ಬೆಟ್ಟದ ಮೇಲೆ ಆ ಅನಿಲವನ್ನು ದಿನವೂ ಅಳೆಯುವ ಕೆಲಸ 1958ರಲ್ಲಿ ಆರಂಭವಾಯಿತು. ಆಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು ಸುಮಾರು 315 ಭಾಗವಿತ್ತು. ಈಗ 420 ದಾಟಿದೆ. ಒಂದು ವರ್ಷವೂ ಈ ಏರಿಕೆ ಹಿಂದಕ್ಕೆ ಬಂದಿಲ್ಲ. ವಿಶ್ವ ಹವಾಮಾನ ಸಂಸ್ಥೆಯ ಲೆಕ್ಕದಂತೆ 2024ನೇ ಇಸವಿ, ಅಳತೆಯಲ್ಲಿರುವ ಎಲ್ಲ ವರ್ಷಗಳಿಗಿಂತ ಬಿಸಿಯಾದ ವರ್ಷ. ಅಂದರೆ ವಿಜ್ಞಾನದ ನಡೆ ಏಣಿಯ ಮೆಟ್ಟಿಲಿನಂತೆ ಒಂದೇ ದಿಕ್ಕಿನಲ್ಲಿದೆ.

ಜನಾಭಿಪ್ರಾಯದ ನಡೆ ಹಾಗಲ್ಲ, ಅದು ಉಯ್ಯಾಲೆಯಂತೆ. ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆ ಬಹುಕಾಲದಿಂದ ಒಂದೇ ಪ್ರಶ್ನೆಯನ್ನು ಕೇಳುತ್ತಾ ಬಂದಿದೆ. ಭೂಮಿ ಬಿಸಿಯಾಗುವುದರ ಬಗ್ಗೆ ತುಂಬಾ ಚಿಂತೆಯಿದೆ ಎಂದವರು 2007ರಲ್ಲಿ ನೂರಕ್ಕೆ 41. 2011ರಲ್ಲಿ ಅದು 25ಕ್ಕೆ ಇಳಿಯಿತು. 2017ರಲ್ಲಿ ಮತ್ತೆ 45ಕ್ಕೆ ಏರಿತು. ಈ ಹತ್ತು ವರ್ಷಗಳಲ್ಲಿ ಭೂಮಿ ಒಮ್ಮೆ ಬಿಸಿಯಾಗಿ, ಒಮ್ಮೆ ತಣ್ಣಗಾಗಿ, ಮತ್ತೆ ಬಿಸಿಯಾಗಲಿಲ್ಲ. ಬದಲಾದದ್ದು ಜನರ ಮನಸ್ಸು.

ನಮ್ಮ ದೇಶದಲ್ಲಿ ಯೇಲ್ ವಿಶ್ವವಿದ್ಯಾಲಯದವರು 2011ರಲ್ಲಿ ಒಂದು ಸಮೀಕ್ಷೆ ನಡೆಸಿದರು. ಜಾಗತಿಕ ತಾಪಮಾನ ಏರಿಕೆಯ ಹೆಸರನ್ನೇ ಕೇಳಿಲ್ಲ ಅಥವಾ ಗೊತ್ತಿಲ್ಲ ಎಂದವರು ನೂರಕ್ಕೆ 41. ಆದರೆ ಎರಡು ಮಾತಿನಲ್ಲಿ ವಿಷಯವನ್ನು ವಿವರಿಸಿದ ಮೇಲೆ, ಹೌದು ಇದು ನಡೆಯುತ್ತಿದೆ ಎಂದವರು 72. ಅದರ ಪರಿಣಾಮವನ್ನು ಸ್ವತಃ ಅನುಭವಿಸಿದ್ದೇವೆ ಎಂದವರು 50. ಹತ್ತು ವರ್ಷಗಳ ನಂತರ, 2021-22ರಲ್ಲಿ, ಈ ಎರಡು ಸಂಖ್ಯೆಗಳು 84 ಮತ್ತು 74 ಆದವು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಇದಕ್ಕೆ ಮುಖ್ಯ ಕಾರಣ ಮನುಷ್ಯನ ಚಟುವಟಿಕೆ ಎಂದವರು 2011ರಲ್ಲಿ 56, ಹತ್ತು ವರ್ಷದ ಮೇಲೆ 57. ಅನುಭವದ ಲೆಕ್ಕ ಬಹಳ ಏರಿದೆ. ಕಾರಣದ ತಿಳುವಳಿಕೆ ಇದ್ದಲ್ಲೇ ಇದೆ.

ನಮ್ಮಲ್ಲಿಯೂ ಹಾಗೆಯೇ. ಹವಾಮಾನ ಬದಲಾವಣೆ ಎಂದರೆ ತಲೆಯಾಡಿಸದ ಹಿರಿಯರು, ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಈಗ ನಡೆಯುತ್ತಿದೆಯೇ ಎಂದು ಕೇಳಿದರೆ ಅರ್ಧ ಗಂಟೆ ಮಾತನಾಡುತ್ತಾರೆ. ಅಭಿಪ್ರಾಯ ಯಾವಾಗಲೂ ಕೇಳಿದ ಪ್ರಶ್ನೆಗೆ ತಕ್ಕಂತೆ ಹೊರಬರುತ್ತದೆ.

ಏರಿಳಿತಕ್ಕೆ ನಾಲ್ಕು ಕಾರಣಗಳು

ಮೊದಲನೆಯದು, ನೆನಪಿನ ಅಳತೆ. ಇದು ವಾಡಿಕೆಯ ಮಳೆ, ಇದು ವಾಡಿಕೆಯ ಬಿಸಿಲು ಎಂದು ನಾವು ಹೇಳುವಾಗ ಯಾವ ಕಾಲವನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತೇವೆ? ಮೂವತ್ತು ವರ್ಷದ ಸರಾಸರಿ ಹವಾಮಾನ ಇಲಾಖೆಯ ಪುಸ್ತಕದಲ್ಲಿರುತ್ತದೆ, ಮನುಷ್ಯನ ತಲೆಯಲ್ಲಿರುವುದಿಲ್ಲ. 2019ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದ ಪ್ರಕಾರ, ಜನರು ಸಹಜವೆಂದು ಭಾವಿಸುವುದು ಹಿಂದಿನ 2ರಿಂದ 8 ವರ್ಷಗಳ ಹವೆಯನ್ನು ಮಾತ್ರ. ಅದಕ್ಕಿಂತ ಹಿಂದಿನದು ಮರೆತುಹೋಗುತ್ತದೆ. ಹೀಗಾಗಿ ಬಿಸಿ ನಿಧಾನವಾಗಿ ಏರಿದರೆ ಪ್ರತಿ ಎಂಟು ವರ್ಷಕ್ಕೊಮ್ಮೆ ಹೊಸ ಬಿಸಿಯೇ ವಾಡಿಕೆಯಾಗಿಬಿಡುತ್ತದೆ. ಅಲ್ಲಿನದೇ ಇನ್ನೊಂದು ಅಧ್ಯಯನವು, ಸೆಖೆಯ ವಾರದಲ್ಲಿ ಕೇಳಿದರೆ ಭೂಮಿ ಬಿಸಿಯಾಗುತ್ತಿದೆ ಎನ್ನುವವರ ಸಂಖ್ಯೆ ಸ್ವಲ್ಪ ಹೆಚ್ಚುತ್ತದೆ, ಸೆಖೆ ಕಳೆದ ಮೇಲೆ ಆ ಹೆಚ್ಚಳ ಬೇಗನೆ ಕರಗುತ್ತದೆ ಎಂದು ತೋರಿಸಿದೆ.

ಎರಡನೆಯದು, ಕೈಯಲ್ಲಿನ ಹಣ. ಮೇಲೆ ಹೇಳಿದ 2007ರಿಂದ 2011ರ ಇಳಿತದ ನಡುವೆ 2008ರ ಆರ್ಥಿಕ ಕುಸಿತ ಬಂದಿತ್ತು. ಕೆಲಸ ಹೋದವನಿಗೆ ನಾಳಿನ ಅನ್ನ ದೊಡ್ಡದು, ಐವತ್ತು ವರ್ಷದ ಮುಂದಿನ ಹವೆ ಚಿಕ್ಕದು. ಕಾಫಿ ಬೆಳೆಗಾರರಲ್ಲಿ ಇದು ಇನ್ನೊಂದು ರೂಪ ತಾಳುತ್ತದೆ. 1975ರ ಜುಲೈಯಲ್ಲಿ ಬ್ರೆಜಿಲ್ ದೇಶದಲ್ಲಿ ಬಿದ್ದ ಕಡು ಹಿಮದಿಂದ ಅಲ್ಲಿನ ಗಿಡಗಳು ಸುಟ್ಟುಹೋದವು. ಜಗತ್ತಿನ ಕಾಫಿ ಬೆಲೆ ಮೇಲೇರಿತು. 1994ರಲ್ಲಿ, 2021ರಲ್ಲಿ ಹಾಗೆಯೇ ಆಯಿತು. 2024ರಲ್ಲಿ ವಿಯೆಟ್ನಾಂ ಮತ್ತು ಬ್ರೆಜಿಲ್‌ನ ಒಣ ಹವೆಯಿಂದ ರೊಬಸ್ಟಾ ಬೆಲೆ ಹಲವು ದಶಕಗಳಲ್ಲಿ ಕಾಣದ ಮಟ್ಟ ಮುಟ್ಟಿತು. ಹೊರನಾಡಿನ ಬೆಳೆಗಾರನಿಗೆ ಬಂದ ವಿಪತ್ತು ನಮ್ಮ ಕಣದಲ್ಲಿ ಲಾಭವಾಗಿ ಬಂದಿಳಿಯುತ್ತದೆ. ಒಳ್ಳೆಯ ಬೆಲೆ ಸಿಕ್ಕಿದ ವರ್ಷ ಹವಾಮಾನದ ಚಿಂತೆ ಯಾರಿಗೂ ಬರುವುದಿಲ್ಲ. ಆ ಬೆಲೆ ಬಂದದ್ದೇ ಹವಾಮಾನದಿಂದ ಎಂಬುದು ಗಮನಕ್ಕೇ ಬರುವುದಿಲ್ಲ.

ಮೂರನೆಯದು, ಆಸಕ್ತಿಯ ಆಯುಸ್ಸು. ಆಂಟನಿ ಡೌನ್ಸ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1972ರಲ್ಲೇ ಇದನ್ನು ಹಂತಹಂತವಾಗಿ ವಿವರಿಸಿದರು. ಮೊದಲು ಸಮಸ್ಯೆಯಿದ್ದರೂ ಜನರಿಗೆ ಕಾಣದು. ಆಮೇಲೆ ಒಂದು ಅನಾಹುತದಿಂದ ಗಾಬರಿಯೂ ಉತ್ಸಾಹವೂ ಒಟ್ಟಿಗೆ ಏಳುತ್ತವೆ. ನಂತರ ಪರಿಹಾರಕ್ಕೆ ಎಷ್ಟು ಖರ್ಚು, ಎಷ್ಟು ತ್ಯಾಗ ಎಂಬುದು ತಿಳಿಯುತ್ತದೆ. ತಿಳಿದೊಡನೆ ಆಸಕ್ತಿ ತಗ್ಗುತ್ತದೆ. ಕೊನೆಗೆ ವಿಷಯ ಮೂಲೆಗೆ ಸೇರುತ್ತದೆ, ಆದರೆ ಪೂರ್ಣ ಮರೆಯಾಗುವುದಿಲ್ಲ; ಮುಂದಿನ ಅನಾಹುತಕ್ಕೆ ಕಾಯುತ್ತಿರುತ್ತದೆ. ಬರದ ವರ್ಷ ಕೃಷಿಹೊಂಡ ಬೇಕೆಂದು ಎದ್ದ ಉತ್ಸಾಹ, ಎಷ್ಟು ಜಾಗ ಹೋಗುತ್ತದೆ, ಎಷ್ಟು ಕಂತು ಕಟ್ಟಬೇಕು ಎಂದು ತಿಳಿದ ದಿನ ಹೇಗೆ ಇಳಿಯುತ್ತದೆಂಬುದನ್ನು ಸಂಘದ ಕಚೇರಿಯಲ್ಲಿ ಕುಳಿತು ನೋಡಿದವರಿಗೆ ಡೌನ್ಸ್ ಅವರ ಮಾತು ಹೊಸದಾಗಿ ಕಾಣದು.

ನಾಲ್ಕನೆಯದು, ರೋಗ ಮತ್ತು ಮದ್ದನ್ನು ಒಂದೇ ಎಂದು ತಿಳಿಯುವುದು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿಯಿತು. ಕಬಿನಿ ಹುಟ್ಟುವುದು ಅದೇ ಜಿಲ್ಲೆಯಲ್ಲಿ; ಕೋಟೆಯವರಿಗೆ ಅದು ದೂರದ ಸುದ್ದಿಯಾಗಿರಲಿಲ್ಲ. ಮರುದಿನವೇ, ಜುಲೈ 31ರಂದು, ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯನ್ನು ಕೇಂದ್ರ ಸರ್ಕಾರ ಮತ್ತೆ ಹೊರಡಿಸಿತು. ಹೆಗ್ಗಡದೇವನಕೋಟೆ ತಾಲ್ಲೂಕಿನ ಹಳ್ಳಿಗಳೂ ಆ ಪಟ್ಟಿಯಲ್ಲಿವೆ. ಸೆಪ್ಟೆಂಬರ್‌ನಲ್ಲಿ ರಾಜ್ಯದ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಲು ತೀರ್ಮಾನಿಸಿತು. ಆ ವರದಿ ಸರಿಯೇ ತಪ್ಪೇ ಎಂಬುದು ಇಲ್ಲಿನ ಚರ್ಚೆಯಲ್ಲ. ನಾವು ಹೇಳುವುದಿಷ್ಟೆ: ಜಮೀನಿನ ಮೇಲೆ ನಿರ್ಬಂಧ ಬರುತ್ತದೆಂಬ ಭಯವಿದ್ದವನು, ಮದ್ದು ಬೇಡ ಎನ್ನುವ ಬದಲು ರೋಗವೇ ಇಲ್ಲ ಎಂದುಬಿಡುತ್ತಾನೆ. ಮದ್ದು ಕಹಿಯೆಂದು ವಾದಿಸುವ ಹಕ್ಕು ಎಲ್ಲರಿಗೂ ಇದೆ. ಅದಕ್ಕಾಗಿ ಜ್ವರವಿಲ್ಲವೆಂದು ಹೇಳಬೇಕಾಗಿಲ್ಲ.

ನೂರೈವತ್ತು ವರ್ಷಗಳ ಹಿಂದಿನ ಪಾಠ

ಹವೆಯ ಬಗ್ಗೆ ಬೆಳೆಗಾರರ ಅಭಿಪ್ರಾಯ ಬದಲಾಗಿ, ಆ ಬದಲಾವಣೆ ತೋಟದಲ್ಲೇ ಉಳಿದುಬಂದ ಒಂದು ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಕೊಡಗಿನಲ್ಲಿ ಯೂರೋಪಿಯನ್ನರ ಮೊದಲ ಕಾಫಿ ತೋಟ 1854ರಲ್ಲಿ ಮಡಿಕೇರಿಯ ಬಳಿ ಆರಂಭವಾಯಿತು. ಮುಂದಿನ ಹತ್ತು ವರ್ಷ ಕಾಡು ಕಡಿದು ಕಾಫಿ ಹಾಕುವ ಭರಾಟೆ. ಸಿಲೋನಿನ ಪದ್ಧತಿಯಂತೆ ನೆರಳನ್ನು ತೆಗೆದು ಬಿಸಿಲಿಗೆ ಗಿಡ ಬೆಳೆಸಿದರು. ಮೊದಲ ಫಸಲುಗಳು ಚೆನ್ನಾಗಿಯೇ ಬಂದವು. ಆಗ ನೆರಳಿನ ಮಾತನಾಡಿದವನು ಹಳೆಯ ಕಾಲದವನಾಗಿದ್ದಿರಬೇಕು.

1865-66ರ ಹೊತ್ತಿಗೆ ಮಳೆ ಕೈಕೊಟ್ಟಿತು. ಕಾಂಡ ಕೊರೆಯುವ ಹುಳು ತೋಟಕ್ಕೆ ತೋಟವನ್ನೇ ತಿಂದಿತು. ಮದರಾಸು ಸರ್ಕಾರ ಡಾಕ್ಟರ್ ಜಾರ್ಜ್ ಬಿಡೀ ಎಂಬುವರನ್ನು ನೇಮಿಸಿ, ಅವರು ಮೈಸೂರು, ಕೊಡಗು, ವಯನಾಡಿನ ತೋಟಗಳನ್ನು ಸುತ್ತಿ ನೋಡಿದರು. 1869ರಲ್ಲಿ ಅಚ್ಚಾದ ಅವರ ವರದಿಯ ತಿರುಳು ಇದು: ಹುಳು ಹೊಸದಲ್ಲ, ನೆರಳು ತೆಗೆದದ್ದರಿಂದ, ಒಣ ಹವೆಯಿಂದ ಗಿಡ ಸೊರಗಿ ಹುಳುವಿಗೆ ಅನುಕೂಲವಾಯಿತು, ನೆರಳನ್ನು ಮತ್ತೆ ಬೆಳೆಸಬೇಕು. ಬಿಳಿ ಕಾಂಡಕೊರಕ ಬಿಸಿಲು ಬಿದ್ದ ಅರೇಬಿಕಾ ಕಾಂಡವನ್ನು ಹುಡುಕಿಕೊಂಡು ಬರುತ್ತದೆ ಎಂದು ಕಾಫಿ ಮಂಡಳಿಯವರು ಇಂದಿಗೂ ನಮಗೆ ಹೇಳುವುದು ಇದನ್ನೇ.

ಅಲ್ಲಿಂದಾಚೆಗೆ ಮೈಸೂರು, ಕೊಡಗು ಸೀಮೆಯ ಕಾಫಿ ನೆರಳಿನ ಕಾಫಿಯಾಗಿ ನೆಲೆಯಾಯಿತು. ಹಲಸು, ಅತ್ತಿ, ನಂದಿ, ಬೀಟೆ, ಹಾಲುವಾಣದ ಕೆಳಗೆ ನಾವು ಬೆಳೆಯುವ ಪದ್ಧತಿ ಕೇವಲ ಸಂಪ್ರದಾಯವಲ್ಲ, ಒಂದು ಅನಾಹುತದಿಂದ ಕಲಿತದ್ದು. ಇಲ್ಲಿ ಗಮನಿಸಬೇಕಾದದ್ದು, ಆ ಕಾಲದ ಗಾಬರಿ ಎಂದೋ ಇಳಿದುಹೋಯಿತು. ಆದರೆ ಗಾಬರಿ ಇದ್ದ ಅಷ್ಟು ದಿನಗಳಲ್ಲಿ ಅವರು ಮರ ನೆಟ್ಟುಬಿಟ್ಟಿದ್ದರು. ಅಭಿಪ್ರಾಯ ಮರೆತರೂ ಮರ ಉಳಿಯಿತು.

ಈಗ ಅದೇ ಚಕ್ರ ತಿರುಗುತ್ತಿದೆ. ರೊಬಸ್ಟಾ ಬೆಲೆ ನೋಡಿ, ಬಿಸಿಲು ಬಿದ್ದರೆ ಇನ್ನೆರಡು ಮೂಟೆ ಹೆಚ್ಚು ಬರುತ್ತದೆಂದು ಮೇಲಿನ ನೆರಳನ್ನು ಬೋಳಿಸುವವರು ಹೆಚ್ಚುತ್ತಿದ್ದಾರೆ. ಮಳೆ ಚೆನ್ನಾಗಿರುವ, ತುಂತುರು ನೀರಾವರಿಗೆ ಕೆರೆಯಲ್ಲಿ ನೀರಿರುವ ವರ್ಷ ಅದು ಬರಲೂಬಹುದು. 2023ರಂಥ ವರ್ಷ ಮತ್ತೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಬಿಡೀ ಅವರ ವರದಿಯಲ್ಲಿದೆ.

ಒಂದು ಚಿಕ್ಕ ಲೆಕ್ಕ

ಅಡಿಕೆಯ ವಿಚಾರಕ್ಕೆ ಬರೋಣ. ಮರದಿಂದ ಮರಕ್ಕೆ 9 ಅಡಿ ಅಂತರದಲ್ಲಿ ಎಕರೆಗೆ ಸುಮಾರು 550 ಮರ ಹಿಡಿಯುತ್ತದೆ. ಹನಿ ನೀರಾವರಿಯಲ್ಲಿ ಮರವೊಂದಕ್ಕೆ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಬೇಕು. 18 ಲೀಟರೆಂದು ಹಿಡಿದರೆ ಎಕರೆಗೆ ದಿನಕ್ಕೆ ಸುಮಾರು 10,000 ಲೀಟರ್. ಜನವರಿಯಿಂದ ಮೇ ತಿಂಗಳವರೆಗೆ 150 ದಿನಕ್ಕೆ 15 ಲಕ್ಷ ಲೀಟರ್.

ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಅದು ಸುಮಾರು 1 ಲಕ್ಷ ಲೀಟರ್ ನೀರು. ಹಾಗಾದರೆ 15 ಲಕ್ಷ ಲೀಟರ್ ಎಂದರೆ 15 ಇಂಚು ಮಳೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದು ಸರಾಸರಿ ಸುಮಾರು 30 ಇಂಚು. ಅಂದರೆ ಆ ಎಕರೆಯ ಮೇಲೆ ಬಿದ್ದ ವರ್ಷದ ಮಳೆಯಲ್ಲಿ ಅರ್ಧದಷ್ಟನ್ನು ಬೇಸಿಗೆಯಲ್ಲಿ ನೆಲದಿಂದ ಮೇಲೆತ್ತಬೇಕು. ಹರಿದುಹೋದದ್ದು, ಆವಿಯಾದದ್ದು, ಮಳೆಗಾಲದಲ್ಲಿ ಗಿಡವೇ ಕುಡಿದದ್ದು ಇವನ್ನು ಕಳೆದರೆ ನೆಲದೊಳಗೆ ಇಳಿಯುವುದು ಅರ್ಧಕ್ಕಿಂತ ಎಷ್ಟೋ ಕಡಿಮೆ. ಕಾಲುವೆ ಕೆಳಗಿನ ಕೆ.ಆರ್.ನಗರದ ಜಮೀನಿಗೂ ಲಕ್ಷ್ಮಣತೀರ್ಥದ ಅಂಚಿನ ಹನಗೋಡಿನ ಜಮೀನಿಗೂ ಈ ಲೆಕ್ಕ ಸಡಿಲವಾಗಬಹುದು. ಎತ್ತರದ ಕೆಂಪು ನೆಲದಲ್ಲಿ ಕೊಳವೆಬಾವಿಯನ್ನೇ ನಂಬಿದವರು ಮಾತ್ರ ಈ ಲೆಕ್ಕವನ್ನು ಎರಡು ಸಲ ಮಾಡಬೇಕು.

ಅಡಿಕೆ ಫಸಲಿಗೆ ಬರಲು ಐದಾರು ವರ್ಷ ಬೇಕು. ಆಮೇಲೆ ನಲವತ್ತು ವರ್ಷವಾದರೂ ನಿಲ್ಲುತ್ತದೆ. ಇಂದು ನೆಟ್ಟ ಸಸಿ 2060ರ ನಂತರದ ಬೇಸಿಗೆಗಳನ್ನೂ ಕಾಣಬೇಕು. ಅದನ್ನು ನೆಡುವ ನಮ್ಮ ಅಭಿಪ್ರಾಯವಾದರೋ ಎರಡು ವರ್ಷದ ಮಳೆಯಿಂದ ಹುಟ್ಟಿದ್ದು. ನಲವತ್ತು ವರ್ಷದ ತೀರ್ಮಾನವನ್ನು ಎರಡು ವರ್ಷದ ಮನಸ್ಸಿನಿಂದ ಮಾಡಬಾರದು ಎಂಬುದೇ ಈ ಪಾಠದ ಸಾರಾಂಶ.

ಬರ ಮತ್ತು ನೆರೆ ಒಂದೇ ಕಥೆ

ಕಾಲ ಬಿಸಿಯಾಗುತ್ತಿದ್ದರೆ ಇಷ್ಟೊಂದು ಮಳೆ ಏಕೆ ಬರುತ್ತದೆ ಎಂದು ಸದಸ್ಯರು ಕೇಳುತ್ತಾರೆ, ನ್ಯಾಯವಾದ ಪ್ರಶ್ನೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ನೂರಕ್ಕೆ ಸುಮಾರು 7ರಷ್ಟು ಹೆಚ್ಚುತ್ತದೆ. ಬಿಸಿ ಗಾಳಿ ಒಣ ದಿನಗಳಲ್ಲಿ ನೆಲದ ತೇವವನ್ನು ಹೆಚ್ಚು ಹೀರುತ್ತದೆ. ಸುರಿಸುವಾಗ ಒಮ್ಮೆಗೇ ಸುರಿಸುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2019ರ ಆಗಸ್ಟ್‌ನಲ್ಲಿ ಲಕ್ಷ್ಮಣತೀರ್ಥ ಉಕ್ಕಿ ಹುಣಸೂರು ತಾಲ್ಲೂಕಿಗೆ ನುಗ್ಗಿತು. ಕಬಿನಿಯಿಂದ ಬಿಟ್ಟ ನೀರಿಗೆ ಮೈಸೂರು-ನಂಜನಗೂಡು ರಸ್ತೆ ಮುಚ್ಚಿತು. 2021ರಲ್ಲಿ ಜನವರಿಯಲ್ಲೂ ನವೆಂಬರ್‌ನಲ್ಲೂ ಅಕಾಲ ಮಳೆ ಬಿದ್ದು ಕಾಫಿ ಕೊಯ್ಲು ಕೆಟ್ಟಿತು. 2023ರಲ್ಲಿ ಬರ. ಇವುಗಳಲ್ಲಿ ಯಾವುದೇ ಒಂದನ್ನು ಹಿಡಿದು ಇದೇ ಹವಾಮಾನ ಬದಲಾವಣೆ ಎನ್ನುವುದು ಸರಿಯಲ್ಲ. ಬರವೂ ನೆರೆಯೂ ನಮ್ಮ ಅಜ್ಜಂದಿರಿಗೂ ಗೊತ್ತಿದ್ದವು. ಎಲ್ಲವನ್ನೂ ಸಾಲಾಗಿ ಬರೆದು ಮೂವತ್ತು ವರ್ಷದ ಲೆಕ್ಕದೊಡನೆ ಇಟ್ಟು ನೋಡಿದಾಗ ಮಾತ್ರ ದಿಕ್ಕು ಕಾಣುತ್ತದೆ. ಸಾಲಾಗಿ ಬರೆದಿಡುವವರು ಯಾರು ಎಂಬುದೇ ಪ್ರಶ್ನೆ.

ಸದಸ್ಯರು ಮಾಡಬಹುದಾದದ್ದು

1. ಮಳೆ ಪುಸ್ತಕ. ಹಳೆಯ ತೋಟಗಳಲ್ಲಿ ಮಳೆಮಾಪಕವೂ ಇಂಚು, ಸೆಂಟ್ಸ್ ಬರೆದಿಟ್ಟ ಪುಸ್ತಕವೂ ಇರುತ್ತವೆ. ಮನೆಯ ಅಟ್ಟದಲ್ಲಿ ಅಂಥ ಪುಸ್ತಕವಿದ್ದರೆ ಸಂಘಕ್ಕೆ ತಂದು ತೋರಿಸಿ, ನಕಲು ಮಾಡಿಕೊಂಡು ಹಿಂದಿರುಗಿಸುತ್ತೇವೆ. ಇಲ್ಲದವರು ಈ ವರ್ಷವೇ ಆರಂಭಿಸಿ. ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆಯುವುದು ಎರಡು ನಿಮಿಷದ ಕೆಲಸ; ಮಕ್ಕಳಿಗೂ ಕಲಿಸಬಹುದು.

2. ಮಳೆಯ ಜೊತೆಗೆ ಹೂಮಳೆ ಬಿದ್ದ ದಿನ, ಹಿಂಬಾಲಿಸುವ ಮಳೆ ಬಿದ್ದ ದಿನ, ಹೂ ಅರಳಿದ ದಿನ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ದಿನ, ಕೊಳವೆಬಾವಿ ನೀರಿನ ಮಟ್ಟ ಇವನ್ನೂ ಬರೆಯಿರಿ. ಮಳೆ ನಕ್ಷತ್ರದ ಹೆಸರನ್ನೂ ಸೇರಿಸಿದರೆ ಹಿರಿಯರ ಮಾತಿನೊಡನೆ ಹೋಲಿಸಲು ಅನುಕೂಲ.

3. ನೆರಳಿನ ಮರ ತೆಗೆಯುವ ಮುನ್ನ ಒಂದು ಬೇಸಿಗೆ ತಡೆಯಿರಿ. ಏಪ್ರಿಲ್ ಮಧ್ಯಾಹ್ನ ನೆರಳಿರುವ ಪಟ್ಟಿಯಲ್ಲೂ ಬೋಳಾದ ಪಟ್ಟಿಯಲ್ಲೂ ಒಂದೊಂದು ಉಷ್ಣಮಾಪಕ ತೂಗುಹಾಕಿ ನೋಡಿ, ಆಮೇಲೆ ತೀರ್ಮಾನಿಸಿ.

4. ಕೃಷಿಹೊಂಡ, ಇಂಗುಗುಂಡಿ, ಸಸಿ ನೆಡುವಿಕೆಯ ಕೆಲಸವನ್ನು ಬರದ ವರ್ಷಕ್ಕೆ ಕಾಯದೆ ಬೆಲೆ ಚೆನ್ನಾಗಿರುವ ವರ್ಷ ಮಾಡಿ. ಕಂತು ಕಟ್ಟುವ ಶಕ್ತಿಯಿರುವುದು ಆಗ. ಬೇಕೆಂಬ ಮನಸ್ಸು ಮಾತ್ರ ಬರುವುದು ಬರದ ವರ್ಷ. ಇವೆರಡನ್ನೂ ಕೂಡಿಸುವುದೇ ಸಹಕಾರ ಸಂಘದ ಕೆಲಸ ಎಂದು ನಾವು ತಿಳಿದಿದ್ದೇವೆ.

5. ನಿಮ್ಮ ಅಭಿಪ್ರಾಯವನ್ನೂ ಬರೆದಿಡಿ. ಮುಂದಿನ ವಾರ್ಷಿಕ ಸಭೆಯಲ್ಲಿ ಒಂದು ಚಿಕ್ಕ ಹಾಳೆ ಕೊಡುತ್ತೇವೆ: ಹತ್ತು ವರ್ಷಕ್ಕೆ ಹೋಲಿಸಿದರೆ ಮಳೆ ಹೇಗಿದೆ, ಬೇಸಿಗೆ ಹೇಗಿದೆ, ಕಾರಣವೇನು, ಏನು ಮಾಡಬೇಕು. ಹೆಸರು ಬರೆಯಬೇಕಾಗಿಲ್ಲ. ಪ್ರತಿ ವರ್ಷ ಇದೇ ನಾಲ್ಕು ಪ್ರಶ್ನೆ, ಇದೇ ಮಾತುಗಳಲ್ಲಿ. ಐದು ವರ್ಷದ ಹಾಳೆಗಳನ್ನು ಮಳೆ ಪುಸ್ತಕದ ಪಕ್ಕದಲ್ಲಿಟ್ಟರೆ, ಬದಲಾದದ್ದು ಮಳೆಯೇ ನಮ್ಮ ಮನಸ್ಸೇ ಎಂಬುದು ಅವರವರಿಗೇ ತಿಳಿಯುತ್ತದೆ.

ಚರ್ಚೆಗೆ ಪ್ರಶ್ನೆಗಳು

ಗ್ರಾಮ ಗುಂಪುಗಳಲ್ಲಿ ಕುಳಿತು ಇವನ್ನು ಚರ್ಚಿಸಬೇಕೆಂದು ಕೋರುತ್ತೇವೆ.

ಅ) ನಿಮ್ಮ ಊರಿನಲ್ಲಿ 2023ರ ಬರದ ನಂತರ ನೆಲದಲ್ಲಿ ಉಳಿದಿರುವ ಕೆಲಸ ಯಾವುದು? ಮಾತಿನಲ್ಲೇ ಮುಗಿದದ್ದು ಯಾವುದು?

ಆ) ಕಳೆದ ಐದು ವರ್ಷದಲ್ಲಿ ನಿಮ್ಮ ತೋಟದಲ್ಲಿ ತೆಗೆದ ಮರ ಎಷ್ಟು, ನೆಟ್ಟ ಮರ ಎಷ್ಟು?

ಇ) ಮನೆಯ ಅರವತ್ತು ದಾಟಿದವರನ್ನೂ ಇಪ್ಪತ್ತರ ಮಕ್ಕಳನ್ನೂ ಬೇರೆಬೇರೆಯಾಗಿ ಕೇಳಿ: ವಾಡಿಕೆಯ ಮಳೆ ಎಂದರೆ ಯಾವುದು? ಉತ್ತರಗಳು ಒಂದೇ ಆಗಿವೆಯೇ?

ಉತ್ತರಗಳನ್ನು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಮಳೆಮಾಪಕ ಬೇಕಾದ ಸದಸ್ಯರು ಈ ತಿಂಗಳ ಕೊನೆಯೊಳಗೆ ಸಂಘದ ಕಚೇರಿಯಲ್ಲಿ ಹೆಸರು ಬರೆಸಬೇಕು. ಒಟ್ಟಾಗಿ ತರಿಸಿದರೆ ದರ ಕಡಿಮೆ ಬೀಳುತ್ತದೆ.

– ಕಾರ್ಯದರ್ಶಿ